ಸಾವಯವ ಮತ್ತು ನೈಸರ್ಗಿಕ ಉತ್ಪನ್ನಗಳ ಆಯ್ಕೆ: ಗ್ರಾಹಕರಿಗೆ ಮಾಹಿತಿ

‘ಸಾವಯವ’, ‘ನೈಸರ್ಗಿಕ’, ‘ರಾಸಾಯನಿಕ ಮುಕ್ತ’, ‘ದೇಸಿ’ ಎಂಬ ಪದಗಳನ್ನು ಮುದ್ರಿಸಿದ ಆಹಾರ ಪದಾರ್ಥಗಳು ಇಂದು ಹಳ್ಳಿಯ ಸಂತೆಯಿಂದ ನಗರದ ಮಳಿಗೆಗಳವರೆಗೆ ಎಲ್ಲೆಡೆ ಮಾರಾಟವಾಗುತ್ತಿವೆ. ಸಾಮಾನ್ಯ ಪದಾರ್ಥಗಳಿಗಿಂತ ಇವುಗಳ ಬೆಲೆ ಹೆಚ್ಚು. ಈ ನಾಲ್ಕು ಪದಗಳು ಒಂದೇ ಅರ್ಥ ಕೊಡುತ್ತವೆ ಎಂಬ ಭಾವನೆ ಸಾರ್ವಜನಿಕರಲ್ಲಿ ವ್ಯಾಪಕವಾಗಿದೆ. ಕಾನೂನಿನ ದೃಷ್ಟಿಯಲ್ಲಿ ಹಾಗಿಲ್ಲ. ಹೆಚ್ಚಿನ ಬೆಲೆ ತೆರುವ ಗ್ರಾಹಕರು ತಾವು ಪಡೆಯುತ್ತಿರುವುದು ಏನು ಎಂಬುದನ್ನು ಸ್ವತಃ ಪರಿಶೀಲಿಸಿಕೊಳ್ಳಲು ಅನುವಾಗುವಂತೆ ಈ ಮಾಹಿತಿಯನ್ನು ನೀಡಲಾಗಿದೆ.

ಪದಗಳ ಅರ್ಥ

‘ಸಾವಯವ’ ಎಂಬುದು ಬೆಳೆಯುವ ವಿಧಾನಕ್ಕೆ ಸಂಬಂಧಿಸಿದ ಪದ. ರಾಸಾಯನಿಕ ಗೊಬ್ಬರ, ಸಂಶ್ಲೇಷಿತ ಕೀಟನಾಶಕ, ಕಳೆನಾಶಕ ಹಾಗೂ ಕುಲಾಂತರಿ ಬೀಜಗಳನ್ನು ಬಳಸದೆ, ನಿಗದಿತ ಮಾನದಂಡಗಳಂತೆ ಬೆಳೆದು, ಸಂಸ್ಕರಿಸಿ, ತಪಾಸಣೆಗೆ ಒಳಪಟ್ಟ ಉತ್ಪನ್ನಕ್ಕೆ ಮಾತ್ರ ಈ ಹೆಸರು ಸಲ್ಲುತ್ತದೆ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2017ರಲ್ಲಿ ಸಾವಯವ ಆಹಾರಗಳಿಗೆ ಪ್ರತ್ಯೇಕ ನಿಬಂಧನೆಗಳನ್ನು ಹೊರಡಿಸಿದ್ದು, ಅವು 2018ರ ಜುಲೈ 1ರಿಂದ ಜಾರಿಯಲ್ಲಿವೆ. ಹಲವು ಪದಾರ್ಥಗಳನ್ನು ಸೇರಿಸಿ ತಯಾರಿಸಿದ ಆಹಾರವನ್ನು ಸಾವಯವ ಎಂದು ಮಾರಬೇಕಾದರೆ ಅದರ ಘಟಕಾಂಶಗಳಲ್ಲಿ ಕನಿಷ್ಠ ಶೇ. 95ರಷ್ಟು ಪ್ರಮಾಣೀಕೃತ ಸಾವಯವ ಮೂಲದ್ದಾಗಿರತಕ್ಕದ್ದು.

‘ನೈಸರ್ಗಿಕ’ ಎಂಬ ಪದದ ವ್ಯಾಪ್ತಿ ಬೇರೆ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಕುರಿತ 2018ರ ನಿಬಂಧನೆಗಳಂತೆ, ಸಸ್ಯ, ಪ್ರಾಣಿ, ಖನಿಜ ಅಥವಾ ಸೂಕ್ಷ್ಮಜೀವಿ ಮೂಲದಿಂದ ದೊರೆತ, ಬೇರೇನನ್ನೂ ಬೆರೆಸದ ಏಕ ಪದಾರ್ಥಕ್ಕೆ ಮಾತ್ರ ಇದನ್ನು ಬಳಸಬಹುದು. ಹಲವು ಪದಾರ್ಥಗಳ ಮಿಶ್ರಣವನ್ನು ನೈಸರ್ಗಿಕ ಎಂದು ಕರೆಯುವಂತಿಲ್ಲ. ಎಲ್ಲ ಘಟಕಾಂಶಗಳೂ ನೈಸರ್ಗಿಕವಾಗಿದ್ದರೆ ‘ನೈಸರ್ಗಿಕ ಪದಾರ್ಥಗಳಿಂದ ತಯಾರಿಸಿದ್ದು’ ಎಂದಷ್ಟೇ ಹೇಳಬಹುದು. ಬೆಳೆಗೆ ಹೊಲದಲ್ಲಿ ಏನನ್ನು ಸಿಂಪಡಿಸಲಾಗಿತ್ತು ಎಂಬ ಪ್ರಶ್ನೆಗೆ ಈ ಪದ ಉತ್ತರಿಸುವುದಿಲ್ಲ. ಯೂರಿಯಾ ಹಾಕಿ, ಕೀಟನಾಶಕ ಹೊಡೆದು ಬೆಳೆದ ಮೆಣಸಿನಕಾಯಿಯನ್ನು ಪುಡಿ ಮಾಡಿ, ಬಣ್ಣ ಬೆರೆಸದೆ ಮಾರಿದರೂ ಅದು ನೈಸರ್ಗಿಕ ಮೆಣಸಿನಪುಡಿಯೇ ಆಗುತ್ತದೆ.

‘ನೈಸರ್ಗಿಕ ಕೃಷಿ’ ಎಂಬುದನ್ನು ಮೇಲಿನ ಪದದೊಂದಿಗೆ ಬೆರೆಸಿಕೊಳ್ಳಬಾರದು. ಅದು ಜೀವಾಮೃತ, ಬೀಜಾಮೃತ, ಹೊದಿಕೆ ಮುಂತಾದವುಗಳನ್ನು ಆಧರಿಸಿದ ಬೇಸಾಯ ಪದ್ಧತಿಯ ಹೆಸರು. ಇದಕ್ಕಾಗಿ ಕೇಂದ್ರ ಸರ್ಕಾರವು 2024ರ ನವೆಂಬರ್‌ನಲ್ಲಿ ಪ್ರತ್ಯೇಕ ರಾಷ್ಟ್ರೀಯ ಅಭಿಯಾನಕ್ಕೆ ಅನುಮೋದನೆ ನೀಡಿದೆ.

ಬೆಲ್ಲದ ಉದಾಹರಣೆ

ಈ ವ್ಯತ್ಯಾಸವನ್ನು ಬೆಲ್ಲದಷ್ಟು ಸ್ಪಷ್ಟವಾಗಿ ತೋರಿಸುವ ಪದಾರ್ಥ ಮತ್ತೊಂದಿಲ್ಲ. ಆಲೆಮನೆಯಲ್ಲಿ ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕುದಿಸುವಾಗ ಮೇಲೆ ಬರುವ ಕಲ್ಮಷವನ್ನು ತೆಗೆಯಲು ಹಿಂದಿನಿಂದಲೂ ಸುಣ್ಣದ ತಿಳಿ ಹಾಗೂ ಬೆಂಡೆ ಗಿಡದ ಲೋಳೆಯನ್ನು ಬಳಸಲಾಗುತ್ತಿತ್ತು. ಹೀಗೆ ತಯಾರಾದ ಬೆಲ್ಲದ ಬಣ್ಣ ಕಂದು. ಆದರೆ ಮಾರುಕಟ್ಟೆ ಬಯಸಿದ್ದು ಹೊನ್ನಿನ ಬಣ್ಣವನ್ನು. ಮಂಡ್ಯ, ಮಹಾಲಿಂಗಪುರದಂತಹ ಮಾರುಕಟ್ಟೆಗಳಲ್ಲಿ ಬಣ್ಣ ತೆರೆದಷ್ಟೂ ಬೆಲೆ ಏರುವ ರೂಢಿ ಬೆಳೆದುದರಿಂದ, ‘ಹೈಡ್ರೋಸ್’ ಎಂದು ಕರೆಯಲಾಗುವ ಸೋಡಿಯಂ ಹೈಡ್ರೋಸಲ್ಫೈಟ್ ಕೊಪ್ಪರಿಗೆಯನ್ನು ಸೇರಿತು. ಇದು ಬೆಲ್ಲದಲ್ಲಿ ಗಂಧಕದ ಅಂಶವನ್ನು ಉಳಿಸುತ್ತದೆ. ಆಹಾರ ಗುಣಮಟ್ಟ ನಿಬಂಧನೆಗಳಂತೆ ಬೆಲ್ಲದಲ್ಲಿ ಗಂಧಕದ ಡೈ ಆಕ್ಸೈಡ್ ದಶಲಕ್ಷಕ್ಕೆ 70 ಭಾಗವನ್ನು ಮೀರುವಂತಿಲ್ಲ. ಗಂಧಕದ ಸಂಯುಕ್ತಗಳು ಅಸ್ತಮಾ ಇರುವ ಕೆಲವರಲ್ಲಿ ಉಸಿರಾಟದ ತೊಂದರೆಯನ್ನು ಕೆರಳಿಸಬಲ್ಲವು. ಅಂದರೆ ಹಳದಿ ಬೆಲ್ಲಕ್ಕೆ ಹೆಚ್ಚು ಬೆಲೆ ಕೊಟ್ಟು ಹೈಡ್ರೋಸ್ ಬಳಕೆಯನ್ನು ಪ್ರೋತ್ಸಾಹಿಸಿದವರಲ್ಲಿ ಗ್ರಾಹಕರೂ ಸೇರಿದ್ದಾರೆ.

ಈಗ ಕಂದು ಬೆಲ್ಲಕ್ಕೆ ಬೇಡಿಕೆ ಬಂದಿದೆ. ಇಲ್ಲಿ ಎರಡು ಎಚ್ಚರಿಕೆ ಅಗತ್ಯ. ಮೊದಲನೆಯದಾಗಿ, ಕಪ್ಪಾದ ಬೆಲ್ಲವೆಲ್ಲ ಶುದ್ಧವೆಂದು ಹೇಳಲಾಗದು. ಚೌಳು ಭೂಮಿಯ ಕಬ್ಬು, ಕಡಿದು ಬಹಳ ದಿನ ಬಿಟ್ಟ ಕಬ್ಬು ಅಥವಾ ಪಾಕ ಹೊತ್ತಿದ ಸಂದರ್ಭದಲ್ಲಿಯೂ ಬೆಲ್ಲ ಕಪ್ಪಾಗುತ್ತದೆ. ಎರಡನೆಯದಾಗಿ, ಹೈಡ್ರೋಸ್ ಬಳಸದ ಬೆಲ್ಲ ‘ರಾಸಾಯನಿಕ ಮುಕ್ತ’ ಎಂದು ಮಾರಾಟವಾಗಬಹುದು, ಆದರೆ ಅಷ್ಟಕ್ಕೇ ಅದು ಸಾವಯವ ಬೆಲ್ಲವಾಗುವುದಿಲ್ಲ. ಕಬ್ಬಿನ ಗದ್ದೆಗೆ ಕಳೆನಾಶಕ, ಯೂರಿಯಾ ಬಳಸಿ, ಆಲೆಮನೆಯಲ್ಲಿ ಮಾತ್ರ ಏನನ್ನೂ ಸೇರಿಸದಿದ್ದರೆ ಅದು ಸ್ವಚ್ಛವಾಗಿ ತಯಾರಿಸಿದ ಸಾಧಾರಣ ಬೆಲ್ಲ. ಅದನ್ನು ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಸಾವಯವದ ಬೆಲೆ ಕೊಟ್ಟು ಕೊಳ್ಳುವ ಅಗತ್ಯವಿಲ್ಲ.

ಕಣ್ಣಳತೆ, ಬಣ್ಣ, ಹುಳು ಕೊರೆದ ತೂತು, ಮಣ್ಣು ಮೆತ್ತಿದ ಗೆಡ್ಡೆ ಇವು ಯಾವುವೂ ಸಾವಯವಕ್ಕೆ ಪುರಾವೆಯಲ್ಲ. ಪುರಾವೆ ಇರುವುದು ಚೀಟಿಯ ಮೇಲೆ ಮತ್ತು ಅದರ ಹಿಂದಿನ ಪ್ರಮಾಣಪತ್ರದಲ್ಲಿ.

ಪ್ರಮಾಣೀಕರಣದ ಎರಡು ಪದ್ಧತಿಗಳು

ಮೊದಲನೆಯದು ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ. 2001ರಿಂದ ಅನುಷ್ಠಾನದಲ್ಲಿರುವ ಇದರ ಹೊಣೆ ಕೇಂದ್ರ ವಾಣಿಜ್ಯ ಸಚಿವಾಲಯದ ಅಧೀನದ ಅಪೆಡಾ ಸಂಸ್ಥೆಯದು. ಮಾನ್ಯತೆ ಪಡೆದ ಪ್ರಮಾಣನ ಸಂಸ್ಥೆಯು ಜಮೀನಿಗೆ ಭೇಟಿ ನೀಡಿ, ದಾಖಲೆ ಪರಿಶೀಲಿಸಿ, ಪ್ರತಿ ವರ್ಷ ತಪಾಸಣೆ ನಡೆಸುತ್ತದೆ. ಕರ್ನಾಟಕದಲ್ಲಿ ರಾಜ್ಯ ಸರ್ಕಾರದ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯೂ ಈ ಕಾರ್ಯ ನಿರ್ವಹಿಸುತ್ತದೆ. ಉತ್ಪನ್ನದ ಮೇಲೆ ‘ಇಂಡಿಯಾ ಆರ್ಗ್ಯಾನಿಕ್’ ಲಾಂಛನ, ಪ್ರಮಾಣನ ಸಂಸ್ಥೆಯ ಹೆಸರು ಹಾಗೂ ಅದರ ಮಾನ್ಯತಾ ಸಂಖ್ಯೆ ಇರುತ್ತವೆ.

ಎರಡನೆಯದು ಪಿಜಿಎಸ್ ಇಂಡಿಯಾ, ಅಂದರೆ ಸಹಭಾಗಿತ್ವ ಖಾತರಿ ಪದ್ಧತಿ. ಇದು ಕೇಂದ್ರ ಕೃಷಿ ಸಚಿವಾಲಯಕ್ಕೆ ಸೇರಿದ್ದು, ದೇಶದೊಳಗಿನ ಮಾರುಕಟ್ಟೆಗೆ ಉದ್ದೇಶಿಸಿದೆ. ಒಂದೇ ಗ್ರಾಮದ ಅಥವಾ ಅಕ್ಕಪಕ್ಕದ ಗ್ರಾಮಗಳ ಕನಿಷ್ಠ ಐವರು ರೈತರು ಗುಂಪು ರಚಿಸಿಕೊಂಡು, ಪರಸ್ಪರರ ಜಮೀನನ್ನು ಪರಿಶೀಲಿಸಿ ವರದಿ ಸಲ್ಲಿಸುತ್ತಾರೆ. ಪ್ರಾದೇಶಿಕ ಮಂಡಳಿಯು ಅದನ್ನು ಅನುಮೋದಿಸುತ್ತದೆ. ನೆರೆಯವನ ಬದುವಿನಾಚೆ ಏನು ನಡೆಯುತ್ತಿದೆ ಎಂಬುದು ಊರಿನವರಿಗೆ ಚೆನ್ನಾಗಿ ತಿಳಿದಿರುತ್ತದೆ ಎಂಬ ನಂಬಿಕೆಯ ಮೇಲೆ ಈ ಪದ್ಧತಿ ನಿಂತಿದೆ. ನೆರೆಯವನ ಮುಲಾಜಿಗೆ ಸುಮ್ಮನಾಗುವ ಸಾಧ್ಯತೆಯೂ ಊರಿನಲ್ಲಿ ಇದ್ದೇ ಇದೆ. ಆದ್ದರಿಂದಲೇ ಗುಂಪಿನ ದಾಖಲೆಗಳಿಗೆ ಮಹತ್ವ ಹೆಚ್ಚು. ವೆಚ್ಚ ಕಡಿಮೆಯಾದ ಕಾರಣ ಸಣ್ಣ ರೈತರಿಗೆ ಇದು ಸುಲಭಸಾಧ್ಯ. ಪರಿವರ್ತನಾ ಅವಧಿಯ ಉತ್ಪನ್ನಕ್ಕೆ ‘ಪಿಜಿಎಸ್ ಗ್ರೀನ್’ ಎಂಬ ಗುರುತನ್ನೂ, ಅವಧಿ ಪೂರ್ಣಗೊಂಡ ನಂತರ ‘ಪಿಜಿಎಸ್ ಆರ್ಗ್ಯಾನಿಕ್’ ಎಂಬ ಗುರುತನ್ನೂ ನೀಡಲಾಗುತ್ತದೆ. ಹಸಿರು ಎಂಬ ಮಾತನ್ನು ಕಂಡು ಪೂರ್ಣ ಸಾವಯವವೆಂದು ಭಾವಿಸಬಾರದು.

ಎರಡೂ ಪದ್ಧತಿಗಳ ಆಹಾರ ಪೊಟ್ಟಣಗಳ ಮೇಲೆ ‘ಜೈವಿಕ್ ಭಾರತ್’ ಎಂಬ ಹಸಿರು ಲಾಂಛನ ಇರುತ್ತದೆ. ಇದರೊಂದಿಗೆ ಆಹಾರ ಪ್ರಾಧಿಕಾರದ 14 ಅಂಕಿಗಳ ಪರವಾನಗಿ ಸಂಖ್ಯೆಯನ್ನೂ ನೋಡತಕ್ಕದ್ದು. ಕೇವಲ ಪರವಾನಗಿ ಸಂಖ್ಯೆ ಇದ್ದರೆ ಅದು ವ್ಯಾಪಾರ ನಡೆಸಲು ದೊರೆತ ಅನುಮತಿ ಮಾತ್ರ. ಸಾವಯವ ಮತ್ತು ಸಾಮಾನ್ಯ ಆಹಾರ ಎರಡನ್ನೂ ಮಾರುವ ಅಂಗಡಿಯವರು ಅವುಗಳನ್ನು ಗುರುತಿಸಲು ಬರುವಂತೆ ಪ್ರತ್ಯೇಕವಾಗಿ ಇಡಬೇಕೆಂಬ ನಿಯಮವೂ ಇದೆ.

ಪರಿವರ್ತನಾ ಅವಧಿ ಮತ್ತು ಬೆಲೆ

ಇಂದು ರಾಸಾಯನಿಕ ನಿಲ್ಲಿಸಿದ ಜಮೀನು ನಾಳೆಯೇ ಸಾವಯವವಾಗುವುದಿಲ್ಲ. ರಾಷ್ಟ್ರೀಯ ಕಾರ್ಯಕ್ರಮದಂತೆ ರಾಗಿ, ಭತ್ತ, ತರಕಾರಿಯಂತಹ ವಾರ್ಷಿಕ ಬೆಳೆಗಳಿಗೆ ಬಿತ್ತನೆಗೆ ಮುಂಚೆ ಸಾಮಾನ್ಯವಾಗಿ ಎರಡು ವರ್ಷ, ತೆಂಗು, ಕಾಫಿ, ಮಾವಿನಂತಹ ಬಹುವಾರ್ಷಿಕ ಬೆಳೆಗಳಿಗೆ ಮೊದಲ ಕೊಯ್ಲಿಗೆ ಮುಂಚೆ ಮೂರು ವರ್ಷ ಕಳೆಯಬೇಕು. ಈ ಅವಧಿಯಲ್ಲಿ ಇಳುವರಿ ಕುಸಿಯುವ ಸಂಭವವಿದೆ, ಸಾವಯವದ ಬೆಲೆಯೂ ಕೈಗೆ ಸಿಗುವುದಿಲ್ಲ. ರೈತನ ಸಂಸಾರ ಈ ವರ್ಷಗಳನ್ನು ಸಾಲ ಅಥವಾ ಬೇರೆ ಆದಾಯದ ಮೇಲೆ ದಾಟಬೇಕಾಗುತ್ತದೆ. ಸುಳ್ಳು ಚೀಟಿ ಅಂಟಿಸಿ ಮಾರುವವನು ಗ್ರಾಹಕನಿಗೆ ಮೋಸ ಮಾಡುವುದರೊಂದಿಗೆ, ಹೀಗೆ ಕಾದು ಬೆಳೆದವನ ಮಾರುಕಟ್ಟೆಯನ್ನೂ ಕಸಿಯುತ್ತಾನೆ.

ರೈತರಿಂದ ನೇರ ಖರೀದಿ

ಸ್ವತಃ ಬೆಳೆದುದನ್ನು ನೇರವಾಗಿ ಬಳಕೆದಾರರಿಗೆ ಮಾರುವ ಸಣ್ಣ ಉತ್ಪಾದಕರಿಗೆ ಪ್ರಮಾಣೀಕರಣದಿಂದ ವಿನಾಯಿತಿ ಇದೆ. ಅಂತಹವರು ಜೈವಿಕ್ ಭಾರತ್ ಲಾಂಛನವನ್ನು ಬಳಸುವಂತಿಲ್ಲ. ಸಂತೆಯಲ್ಲಿ ಲಾಂಛನವಿಲ್ಲದೆ ಕುಳಿತ ರೈತ ಮಹಿಳೆಯ ಸೊಪ್ಪು ಸಾವಯವವಲ್ಲ ಎಂದು ತೀರ್ಮಾನಿಸುವುದು ಸರಿಯಲ್ಲ. ಯಾವ ಊರು, ಗೊಬ್ಬರ ಯಾವುದು, ಹುಳು ಬಿದ್ದಾಗ ಏನು ಮಾಡಿದಿರಿ ಎಂದು ಕೇಳಿದರೆ ಸ್ವತಃ ಬೆಳೆದವರು ವಿವರವಾಗಿ ಉತ್ತರಿಸುತ್ತಾರೆ. ಮಂಡಿಯಿಂದ ತಂದು ಮಾರುವವರು ತಡವರಿಸುತ್ತಾರೆ. ಆದರೆ ಈ ವಿನಾಯಿತಿ ಅಂಗಡಿಗಳಿಗೆ ಅನ್ವಯಿಸುವುದಿಲ್ಲ.

ಆರೋಗ್ಯ ಮತ್ತು ಪರಿಸರ

ಸಾವಯವ ಆಹಾರದಲ್ಲಿ ಕೀಟನಾಶಕಗಳ ಶೇಷಾಂಶ ಕಡಿಮೆ ಇರುತ್ತದೆ ಎಂಬುದು ಅಧ್ಯಯನಗಳಿಂದ ಕಂಡುಬಂದಿದೆ. ಪೌಷ್ಟಿಕಾಂಶ ಎಲ್ಲ ಸಂದರ್ಭಗಳಲ್ಲೂ ಹೆಚ್ಚಿರುತ್ತದೆ ಎಂಬುದು ಅಷ್ಟು ಖಚಿತವಾಗಿ ಸಾಬೀತಾಗಿಲ್ಲ. ಸಾವಯವ ಸಕ್ಕರೆಯೂ ಸಕ್ಕರೆಯೇ. ಮಧುಮೇಹಿಗಳಿಗೆ ಅದರಿಂದ ವಿನಾಯಿತಿ ಇಲ್ಲ.

ಕೀಟನಾಶಕದ ಪ್ರಶ್ನೆ ತಟ್ಟೆಗೆ ಮಾತ್ರ ಸೀಮಿತವಲ್ಲ. ಸಿಂಪಡಿಸುವ ಕೂಲಿಕಾರರು ಮತ್ತು ಹೊಲದ ಸುತ್ತಲಿನ ನಿವಾಸಿಗಳು ಮೊದಲು ಅದಕ್ಕೆ ಒಡ್ಡಿಕೊಳ್ಳುತ್ತಾರೆ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಗೇರು ತೋಟಗಳಿಗೆ ಹೆಲಿಕಾಪ್ಟರ್ ಮೂಲಕ ಎಂಡೋಸಲ್ಫಾನ್ ಸಿಂಪಡಿಸಿದ ಪ್ರದೇಶಗಳ ಸಂತ್ರಸ್ತರಿಗೆ ರಾಜ್ಯ ಸರ್ಕಾರ ಮಾಸಾಶನ ನೀಡುತ್ತಿದೆ. 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ಈ ಕೀಟನಾಶಕದ ತಯಾರಿಕೆ, ಮಾರಾಟ ಮತ್ತು ಬಳಕೆಯನ್ನು ತಡೆಯಿತು. ಗೇರುಬೀಜ ತಿಂದವರು ದೂರದ ಊರಿನವರು, ನರಳಿದವರು ತೋಟದ ಪಕ್ಕದವರು.

ಸೀಮಿತ ಆದಾಯದ ಕುಟುಂಬಗಳು

ಎಲ್ಲವನ್ನೂ ಸಾವಯವವಾಗಿಯೇ ಕೊಳ್ಳುವುದು ಹೆಚ್ಚಿನ ಕುಟುಂಬಗಳಿಗೆ ಸಾಧ್ಯವಿಲ್ಲ, ಅಗತ್ಯವೂ ಇಲ್ಲ. ರಾಗಿಯನ್ನು ಗಮನಿಸಬಹುದು. ಮಳೆಯಾಶ್ರಿತ ರಾಗಿಗೆ ಕೀಟಬಾಧೆ ಕಡಿಮೆ. ದಾಸ್ತಾನಿನಲ್ಲಿಯೂ ಹುಳು ಹತ್ತುವುದು ಅಪರೂಪ. ಹಗೇವುಗಳಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಉಳಿಯುತ್ತಿದ್ದುದು ಇದರಿಂದಲೇ. ನವಣೆ, ಸಾಮೆಗಳ ಸ್ಥಿತಿಯೂ ಬಹುತೇಕ ಇದೇ. ದ್ರಾಕ್ಷಿ, ಹೂಕೋಸು, ದೊಣ್ಣೆ ಮೆಣಸಿನಕಾಯಿ, ಒಣ ಮೆಣಸಿನಕಾಯಿಗಳ ವಿಚಾರ ಹಾಗಲ್ಲ; ಇವುಗಳಿಗೆ ಸಿಂಪಡಣೆ ಹೆಚ್ಚು. ಹಣ ಸೀಮಿತವಾಗಿದ್ದರೆ ಇಂತಹ ಬೆಳೆಗಳಿಗೆ ಮೊದಲ ಆದ್ಯತೆ ನೀಡುವುದು ಉಪಯುಕ್ತ. ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯುವುದು, ಎಲೆಕೋಸಿನ ಹೊರಪದರ ತೆಗೆಯುವುದು ಶೇಷಾಂಶವನ್ನು ತಗ್ಗಿಸುತ್ತದೆ. ಗಿಡದೊಳಗೆ ಹೀರಲ್ಪಟ್ಟ ಕೀಟನಾಶಕ ಮಾತ್ರ ತೊಳೆದರೂ ಹೋಗುವುದಿಲ್ಲ. ಸಾವಯವ ತರಕಾರಿಯನ್ನೂ ತೊಳೆದೇ ಬಳಸಬೇಕು, ಕೊಟ್ಟಿಗೆ ಗೊಬ್ಬರದ ರೋಗಾಣುಗಳು ಅದರ ಮೇಲಿರಬಹುದು.

ಸಾಬೂನು, ಶ್ಯಾಂಪೂ ಮೊದಲಾದವು

ಸಾವಯವ ಆಹಾರ ನಿಬಂಧನೆಗಳು ಪ್ರಸಾಧನ ಸಾಮಗ್ರಿಗಳಿಗೆ ಅನ್ವಯಿಸುವುದಿಲ್ಲ. ಎಲೆಯ ಚಿತ್ರ, ಹಸಿರು ಡಬ್ಬಿ ಇವುಗಳಿಗಿಂತ ಘಟಕಾಂಶಗಳ ಪಟ್ಟಿಯೇ ಮುಖ್ಯ. ಸೀಗೆಕಾಯಿ, ಅಂಟುವಾಳದ ಹೆಸರು ಪಟ್ಟಿಯ ಕೊನೆಯಲ್ಲಿದ್ದರೆ ಅದರ ಪ್ರಮಾಣವೂ ಅಲ್ಪವೆಂದು ತಿಳಿಯಬೇಕು. ನೈಸರ್ಗಿಕವಾದರೂ ಕೆಲವರ ಚರ್ಮಕ್ಕೆ ಒಗ್ಗದಿರಬಹುದು.

ಪ್ರಮಾಣಪತ್ರಕ್ಕೆ ಅರ್ಜಿ

ಪಿಜಿಎಸ್ ಗುಂಪು ರಚಿಸಲು ಇಚ್ಛಿಸುವ ರೈತರು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಬಹುದು. 2015ರಲ್ಲಿ ಆರಂಭವಾದ ಪರಂಪರಾಗತ ಕೃಷಿ ವಿಕಾಸ ಯೋಜನೆಯಡಿ ಗುಚ್ಛ ಮಾದರಿಯಲ್ಲಿ ಸಾವಯವ ಕೃಷಿ ಕೈಗೊಳ್ಳುವವರಿಗೆ ನೆರವು ದೊರೆಯುತ್ತದೆ. ಜಮೀನಿನ ಪಹಣಿ, ಹಿಂದೆ ಬಳಸಿದ ಗೊಬ್ಬರ ಮತ್ತು ಔಷಧಿಗಳ ವಿವರ, ಬೆಳೆ ಯೋಜನೆ ಇವುಗಳನ್ನು ಮೊದಲೇ ಸಿದ್ಧಪಡಿಸಿಕೊಂಡರೆ ಅಲೆದಾಟ ತಪ್ಪುತ್ತದೆ.

ಪರೀಕ್ಷೆ ಮತ್ತು ದೂರು

ಆಹಾರವನ್ನು ಪರೀಕ್ಷೆಗೆ ಕಳುಹಿಸುವ ಅಧಿಕಾರ ಅಧಿಕಾರಿಗಳಿಗೆ ಮಾತ್ರ ಇದೆ ಎಂಬುದು ತಪ್ಪು ತಿಳಿವಳಿಕೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 40ನೇ ಪ್ರಕರಣದಂತೆ ಯಾವುದೇ ಖರೀದಿದಾರರು ನಿಗದಿತ ಶುಲ್ಕ ಪಾವತಿಸಿ, ತಾವು ಕೊಂಡ ಆಹಾರವನ್ನು ಆಹಾರ ವಿಶ್ಲೇಷಕರಿಂದ ಪರೀಕ್ಷೆಗೆ ಒಳಪಡಿಸಿ ವರದಿ ಪಡೆಯಬಹುದಾಗಿದೆ. ಪರೀಕ್ಷೆ ಮಾಡಿಸುವ ಉದ್ದೇಶವನ್ನು ಕೊಳ್ಳುವ ಸಮಯದಲ್ಲಿಯೇ ಮಾರಾಟಗಾರರಿಗೆ ತಿಳಿಸತಕ್ಕದ್ದು. ಪದಾರ್ಥವು ಕಾಯ್ದೆಗೆ ಅನುಗುಣವಾಗಿಲ್ಲವೆಂದು ಕಂಡುಬಂದಲ್ಲಿ ಶುಲ್ಕವನ್ನು ಹಿಂದಿರುಗಿಸಲಾಗುತ್ತದೆ. ಈ ಅವಕಾಶವನ್ನು ಬಳಸಿಕೊಳ್ಳುವವರು ವಿರಳ.

ತಪ್ಪು ಚೀಟಿ ಅಂಟಿಸಿದ ಆಹಾರಕ್ಕೆ 3 ಲಕ್ಷ ರೂಪಾಯಿವರೆಗೆ, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಇದೇ ಕಾಯ್ದೆಯಲ್ಲಿ ಅವಕಾಶವಿದೆ. ದೂರನ್ನು ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತಾಧಿಕಾರಿಗಳಿಗೆ ಸಲ್ಲಿಸಬೇಕು. ಹಣ ಮರುಪಾವತಿ ಅಥವಾ ಪರಿಹಾರ ಬಯಸುವವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು, ಇಲ್ಲವೇ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ನೀಡಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದಲ್ಲಿ ಆಯೋಗಕ್ಕೆ ಶುಲ್ಕವಿಲ್ಲ. ದೂರಿಗೆ ಕಾರಣ ಉಂಟಾದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು. ಖರೀದಿಯ ರಸೀದಿ, ಚೀಟಿ ಸಹಿತವಾದ ಪೊಟ್ಟಣ ಮತ್ತು ಪರೀಕ್ಷಾ ವರದಿ ಇದ್ದಲ್ಲಿ ಅದರ ಪ್ರತಿಯನ್ನು ದೂರಿನೊಂದಿಗೆ ಲಗತ್ತಿಸಬೇಕು. ರಸೀದಿ ಪಡೆಯದೆ ಕೊಂಡ ಪದಾರ್ಥದ ಬಗ್ಗೆ ದೂರು ಸಾಬೀತುಪಡಿಸುವುದು ಕಷ್ಟವಾಗುವುದರಿಂದ, ಪೊಟ್ಟಣ ತೆರೆಯುವ ಮುನ್ನ ರಸೀದಿಯನ್ನು ತೆಗೆದಿಟ್ಟುಕೊಳ್ಳಲು ಸೂಚಿಸಲಾಗಿದೆ.