ವೃಷಭನಾಥನ ಜಟೆ: ಬಿಂಬ ಮತ್ತು ಪುರಾಣ

ಮಥುರೆಯ ಕಂಕಾಲೀ ದಿಬ್ಬದಲ್ಲಿ ದೊರೆತ ಕುಷಾಣಕಾಲದ ಜಿನಬಿಂಬಗಳಿಗೆ ಲಾಂಛನಗಳಿಲ್ಲ. ವೃಷಭ, ಶಂಖ ಮೊದಲಾದ ಗುರುತುಗಳು ಪೀಠದ ಮೇಲೆ ತೋರತೊಡಗಿದುದು ಗುಪ್ತರ ಕಾಲದಿಂದೀಚೆಗೆ. ಆದರೂ ಈ ಹಳೆಯ ಬಿಂಬಗಳಲ್ಲಿ ಇಬ್ಬರನ್ನು ನೋಡಿದೊಡನೆ ಗುರುತಿಸಬಹುದು: ನಾಗಫಣದಿಂದ ಪಾರ್ಶ್ವನಾಥನನ್ನು, ಹೆಗಲ ಮೇಲೆ ಇಳಿದ ಕೇಶದಿಂದ ವೃಷಭನಾಥನನ್ನು. ದೀಕ್ಷಾಕಾಲದಲ್ಲಿ ಲೋಚ ಮಾಡಿಕೊಂಡ ಜಿನನಿಗೆ ಈ ಕೇಶವೆಲ್ಲಿಂದ ಬಂದಿತು?

ಶ್ವೇತಾಂಬರರ ಸಮಾಧಾನ ಸರಳವಾದುದು. ಕಲ್ಪಸೂತ್ರದ ಪ್ರಕಾರ ವೃಷಭನು ಕಿತ್ತುದು ನಾಲ್ಕೇ ಮುಷ್ಟಿ. ಉಳಿದುದನ್ನು ಇಂದ್ರನ ಪ್ರಾರ್ಥನೆಯಂತೆ ಬಿಟ್ಟನೆಂದು 12ನೆಯ ಶತಮಾನದ ಹೇಮಚಂದ್ರನು ವಿವರಿಸುತ್ತಾನೆ.

ದಿಗಂಬರ ಪರಂಪರೆಯಲ್ಲಿ ಲೋಚವು ಪಂಚಮುಷ್ಟಿಯದೇ. ಆದುದರಿಂದ ಅಲ್ಲಿ ಕೇಶವು ಮತ್ತೆ ಬೆಳೆಯಬೇಕಾಯಿತು. ಗಾಳಿಗೆ ಹಾರಾಡುವ ಆತನ ಜಟೆಗಳನ್ನು ರವಿಷೇಣನು ಪದ್ಮಪುರಾಣದಲ್ಲಿ (ಕ್ರಿ. ಶ. 676) ವರ್ಣಿಸಿದ್ದಾನೆ. 9ನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಕಾರಣವನ್ನೂ ಹೇಳುತ್ತಾರೆ: ಆರು ತಿಂಗಳ ಪ್ರತಿಮಾಯೋಗದಲ್ಲಿ ಸಂಸ್ಕಾರವಿಲ್ಲದೆ ಕೂದಲು ತಾನಾಗಿ ಜಟೆಗಟ್ಟಿತು. ಆದರೆ ಅದೇ ಪ್ರಸಂಗದಲ್ಲಿ, ಸ್ವಾಮಿಯೊಡನೆ ದೀಕ್ಷೆಗೊಂಡ ನಾಲ್ಕು ಸಾವಿರ ಅರಸರು ಹಸಿವನ್ನು ತಾಳಲಾರದೆ ಭ್ರಷ್ಟರಾಗುತ್ತಾರೆ. ಕೆಲವರು ವಲ್ಕಲವನ್ನುಟ್ಟು ಜಟಾಧಾರಿಗಳಾಗುತ್ತಾರೆ. ಒಂದೇ ಜಟೆ ಒಬ್ಬನಲ್ಲಿ ದೇಹದ ಮರೆವು, ಇನ್ನೊಬ್ಬರಲ್ಲಿ ತೊಟ್ಟುಕೊಂಡ ವೇಷ. ಆಚಾರ್ಯರ ಸೂಕ್ಷ್ಮತೆ ಇಲ್ಲಿದೆ.

ತೊಡಕು ಇಷ್ಟಕ್ಕೇ ಮುಗಿಯದು. ಮೂಲಾಚಾರವು ಲೋಚಕ್ಕೆ ಎರಡು ತಿಂಗಳನ್ನು ಉತ್ತಮ, ಮೂರನ್ನು ಮಧ್ಯಮ, ನಾಲ್ಕನ್ನು ಜಘನ್ಯವೆಂದು ವಿಧಿಸುತ್ತದೆ. ಮುನಿಗಳಿಗೆ ಇಂತಹ ಮಿತಿಯಿದ್ದೂ ಪುರಾಣಕಾರರು ಆದಿಜಿನನಿಗೆ ಜಟೆಯನ್ನು ಕೈಬಿಡಲಿಲ್ಲ. ಮಥುರೆಯ ಬಿಂಬಗಳು ರವಿಷೇಣನಿಗಿಂತ ನಾಲ್ಕೈದು ಶತಮಾನಗಳಷ್ಟು ಹಿಂದಿನವು. ಭಕ್ತರ ಕಣ್ಣಿಗೆ ಆಗಲೇ ರೂಢವಾಗಿದ್ದ ರೂಪಕ್ಕೆ ಕವಿಗಳು ಕಾರಣವನ್ನು ಒದಗಿಸಿದರೆಂದೇ ನಮಗೆ ತೋರುತ್ತದೆ. ಕಥೆಯಿಂದ ಶಿಲ್ಪ ಹುಟ್ಟಿತೆಂಬ ವಾಡಿಕೆಯ ಕ್ರಮ ಇಲ್ಲಿ ಹೊಂದುವುದಿಲ್ಲ.

ಸಂಸ್ಕೃತದ ಜಟೆಯೇ ಕನ್ನಡದಲ್ಲಿ ತದ್ಭವವಾಗಿ ಜಡೆಯಾಯಿತು. ಬಾಚಣಿಗೆ ಸೋಕದ ಕೂದಲಿನ ಹೆಸರು ಇಂದು ಬಾಚಿ ಹೆಣೆದ ಕೂದಲಿಗೆ ಸಲ್ಲುತ್ತಿರುವುದು ವಿನೋದವೇ ಸರಿ.

ನಮ್ಮ ನಾಡಿನಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಬಾದಾಮಿಯ ನಾಲ್ಕನೆಯ ಗುಹೆಯ ಬಾಹುಬಲಿಗೂ ಹೆಗಲ ಮೇಲೆ ಕೇಶವಿದೆ. ಶ್ರವಣಬೆಳಗೊಳದ 981ರ ಮಹಾಮೂರ್ತಿಗಾದರೋ ಗುಂಗುರು ಕೂದಲು ಮಾತ್ರ. ಆದುದರಿಂದ ಮೊಣಕಾಲಿನ ಕೆಳಗೆ ಒಡೆದುಹೋದ ನಿಂತ ಬಿಂಬವೊಂದು ದೊರೆತಾಗ ಹೆಗಲ ಕೇಶವೊಂದನ್ನೇ ನಂಬಿ ವೃಷಭನಾಥನೆಂದು ದಾಖಲಿಸುವುದು ಸಲ್ಲದು. ತೊಡೆ ತೋಳುಗಳಲ್ಲಿ ಬಳ್ಳಿಯ ಜಾಡು ಉಳಿದಿದೆಯೇ ಎಂಬುದನ್ನು ಮೊದಲು ನೋಡಬೇಕು.