ದರ್ಗಾಕ್ಕೆ ಬಂದ್ರೆ ಅಷ್ಟಕ್ಕೇ ವಾಪಸ್ ಹೋಗಬೇಡಿ: ಕಲಬುರಗಿಯಲ್ಲಿ ಇವನ್ನೂ ನೋಡಿ

ಕಲಬುರಗಿ: ಖಾಜಾ ಬಂದೇ ನವಾಜ್ ದರ್ಗಾಕ್ಕೆ ಜಾತಿ, ಧರ್ಮ ನೋಡದೆ ಜನ ಬರ್ತಾರೆ. ಚಾದರ ಹೊದಿಸಿ, ಹರಕೆ ತೀರಿಸಿ, ಸೀದಾ ಬಸ್ ಹತ್ತುವವರೇ ಹೆಚ್ಚು. ಅರ್ಧ ದಿನ ಕೈಯಲ್ಲಿಟ್ಕೊಂಡ್ರೆ ಬಹಮನಿ ಸುಲ್ತಾನರ ಮೊದಲ ರಾಜಧಾನಿಯನ್ನೂ ನೋಡಬಹುದು.

ದರ್ಗಾ: ಗೇಸುದರಾಜ್ ಎಂದೂ ಹೆಸರಾದ ಈ ಚಿಶ್ತಿ ಸಂತ ದೆಹಲಿಯಿಂದ ಬಂದು ಇಲ್ಲೇ ನೆಲೆಸಿದರು, 1422ರಲ್ಲಿ ತೀರಿಕೊಂಡರು. ಉರುಸ್ ಝುಲ್ ಖಾದಾ ತಿಂಗಳಲ್ಲಿ. ಚಾಂದ್ರಮಾನ ಲೆಕ್ಕ ಆಗಿರೋದ್ರಿಂದ ಪ್ರತಿ ವರ್ಷ ಸುಮಾರು 11 ದಿನ ಮೊದಲೇ ಬರುತ್ತದೆ. ದಿನಾಂಕ ಕೇಳಿಕೊಂಡು ಹೊರಡಿ. ತಲೆ ಮುಚ್ಚಲು ಟೋಪಿ ಅಥವಾ ಬಟ್ಟೆ ಇರಲಿ.

ಹಫ್ತ್ ಗುಂಬಜ್: ದರ್ಗಾಕ್ಕೆ ಹತ್ತಿರದಲ್ಲೇ ಇರುವ ಸುಲ್ತಾನರ ಸಮಾಧಿಗಳು. ಜೋಡಿ ಗುಮ್ಮಟದ್ದು ಫಿರೋಜ್ ಷಾನದು. ಖಾಜಾರ ಜೊತೆ ಮನಸ್ತಾಪ ಮಾಡಿಕೊಂಡಿದ್ದ ಈ ಸುಲ್ತಾನನೂ ಸತ್ತಿದ್ದು ಅದೇ 1422ರಲ್ಲಿ. ಸಂತನ ಸಮಾಧಿಗೆ ದಿನವೂ ಹೂವು. ಇಲ್ಲಿ ಮಾತ್ರ ಯಾರೂ ಇರಲ್ಲ.

ಕೋಟೆ: ಒಳಗಿನ ಜಾಮಾ ಮಸೀದಿ 1367ರದು. ಬೇರೆ ಮಸೀದಿಗಳಂತೆ ಬಯಲು ಅಂಗಳವಿಲ್ಲ, ಪೂರ್ತಿ ಮೇಲ್ಛಾವಣಿ. ಬೆಳಕು ಬರೋದು ಪಕ್ಕದ ಕಮಾನುಗಳಿಂದ. 29 ಅಡಿ ಉದ್ದದ ತೋಪನ್ನೂ ಇಲ್ಲೇ ನೋಡಿ.

ಸನ್ನತಿ: ಇದಕ್ಕೆ ಇನ್ನೊಂದು ದಿನ ಬೇಕು. ಚಿತ್ತಾಪುರ ಕಡೆ ಭೀಮಾ ದಂಡೆಯ ಊರು. ಪಕ್ಕದ ಕನಗನಹಳ್ಳಿ ಸ್ತೂಪದಲ್ಲಿ ಅಶೋಕನ ಹೆಸರು ಬರೆದಿರುವ ಶಿಲ್ಪ ಸಿಕ್ಕಿದೆ.

ಏಪ್ರಿಲ್, ಮೇ ಬಿಸಿಲಲ್ಲಿ ಕೋಟೆ ಸುತ್ತೋದು ಕಷ್ಟ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯದು. ಗೋಡೆ ಮೇಲೆ ಹೆಸರು ಗೀಚಬೇಡಿ. ಆರುನೂರು ವರ್ಷ ಉಳಿದ ಗಾರೆ ಒಂದು ಮೊಳೆಗೆ ಉದುರುತ್ತೆ.