ಮುಚ್ಚಿದ ಬಾಗಿಲು ತೆರೆದ ನ್ಯಾಯಮೂರ್ತಿ ಫಾತಿಮಾ ಬೀವಿ

ಪ್ರವಾದಿ ಮುಹಮ್ಮದ್(ಸ)ರ ಬಳಿಗೆ ಖೌಲಾ ಬಿಂತ್ ಸಅಲಬಾ(ರ) ಎಂಬ ಮಹಿಳೆ ದೂರು ಹೊತ್ತು ಬಂದ ಘಟನೆ ನಮಗೆಲ್ಲ ಗೊತ್ತಿರುವಂಥದ್ದು. ಅವರ ಪತಿ ಸಿಟ್ಟಿನಲ್ಲಿ, ನೀನು ನನಗೆ ತಾಯಿಯ ಬೆನ್ನಿನಂತೆ ಎಂದುಬಿಟ್ಟಿದ್ದರು. ಅಜ್ಞಾನ ಕಾಲದ ರೂಢಿಯಂತೆ ಆ ಒಂದು ಮಾತಿಗೆ ದಾಂಪತ್ಯ ಮುಗಿಯುತ್ತಿತ್ತು. ಖೌಲಾ ಅದನ್ನು ಒಪ್ಪಲಿಲ್ಲ. ವಾದಿಸಿದರು, ಮತ್ತೆ ಮತ್ತೆ ಕೇಳಿದರು, ಅಲ್ಲಾಹನಲ್ಲಿ ಮೊರೆಯಿಟ್ಟರು. ಆಗ ಅವತೀರ್ಣವಾದ ವಚನಗಳು ಆ ರೂಢಿಯನ್ನೇ ಖಂಡಿಸಿದವು. ಆ ಅಧ್ಯಾಯಕ್ಕೆ ವಾದಿಸಿದ ಆ ಮಹಿಳೆಯಿಂದಲೇ ಹೆಸರು ಬಂತು: ಅಲ್ ಮುಜಾದಲಃ. ಮುಂದೆ ಹಝ್ರತ್ ಉಮರ್(ರ) ಖಲೀಫರಾಗಿದ್ದಾಗ ಈ ವೃದ್ಧೆ ದಾರಿಯಲ್ಲಿ ತಡೆದರೆ, ಅವರು ನಿಂತು ಪೂರ್ತಿ ಮಾತು ಕೇಳಿಸಿಕೊಳ್ಳುತ್ತಿದ್ದರು ಎಂದು ವರದಿಯಾಗಿದೆ.

ಹೆಣ್ಣಿನ ದೂರನ್ನು ಏಳು ಆಕಾಶಗಳ ಮೇಲಿಂದ ಅಲ್ಲಾಹನು ಆಲಿಸಿದ ಚರಿತ್ರೆ ಇರುವ ಸಮುದಾಯ ನಮ್ಮದು. ಆದರೂ "ನ್ಯಾಯ, ಕಾನೂನು, ಕೋರ್ಟು ಇವೆಲ್ಲ ಹೆಣ್ಮಕ್ಕಳಿಗೆ ಯಾಕೆ?" ಎಂಬ ಪ್ರಶ್ನೆ ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತದೆ. ಈ ಪ್ರಶ್ನೆಗೆ ಮಾತಿನಲ್ಲಲ್ಲ, ತನ್ನ ಬದುಕಿನಲ್ಲಿ ಉತ್ತರ ಕೊಟ್ಟವರು ಭಾರತದ ಸುಪ್ರೀಂ ಕೋರ್ಟಿನ ಪ್ರಥಮ ಮಹಿಳಾ ನ್ಯಾಯಮೂರ್ತಿ ಎಂ. ಫಾತಿಮಾ ಬೀವಿ. ಅವರ ಕಥೆಯನ್ನು ನಮ್ಮ ಮಕ್ಕಳು ತಿಳಿಯಬೇಕು. ಮಕ್ಕಳಿಗಿಂತ ಮೊದಲು ನಾವು, ಅಂದರೆ ತಂದೆಯಂದಿರು ತಿಳಿಯಬೇಕು.

ಬಾಗಿಲು ಮುಚ್ಚಿದ್ದ ಕಾಲ

ನೂರು ವರ್ಷಗಳ ಹಿಂದೆ ಈ ದೇಶದಲ್ಲಿ ಹೆಣ್ಣು ನ್ಯಾಯಾಧೀಶೆಯಾಗುವುದಿರಲಿ, ವಕೀಲೆಯೂ ಆಗುವಂತಿರಲಿಲ್ಲ. ಕಲ್ಕತ್ತದ ರೆಜಿನಾ ಗುಹಾ ಕಾನೂನು ಪದವಿ ಪಡೆದು ವಕೀಲಿ ಸನ್ನದು ಕೇಳಿದರು. 1916ರಲ್ಲಿ ಕಲ್ಕತ್ತಾ ಹೈಕೋರ್ಟ್ ಅದನ್ನು ನಿರಾಕರಿಸಿತು. ಕಾನೂನಿನಲ್ಲಿ ವಕೀಲ ಎಂದರೆ ಪುರುಷ ಎಂದೇ ಅರ್ಥ ಎಂಬುದು ಅದರ ನಿಲುವು. 1921ರಲ್ಲಿ ಸುಧಾಂಶು ಬಾಲಾ ಹಝ್ರಾ ಅವರಿಗೆ ಪಾಟ್ನಾ ಹೈಕೋರ್ಟಿನಲ್ಲಿ ಇದೇ ಉತ್ತರ ಸಿಕ್ಕಿತು. ಪದವಿ ಇತ್ತು, ಅರ್ಹತೆ ಇತ್ತು. ಅಡ್ಡ ಬಂದದ್ದು ಒಂದು ಸರ್ವನಾಮ. ಕೊನೆಗೆ 1923ರಲ್ಲಿ ಮಹಿಳೆಯರು ವಕೀಲಿ ಮಾಡುವುದಕ್ಕೆ ಇದ್ದ ತಡೆಯನ್ನು ತೆಗೆಯಲೆಂದೇ ಒಂದು ಪ್ರತ್ಯೇಕ ಕಾಯ್ದೆ ಬರಬೇಕಾಯಿತು.

ಅದೇ ದಶಕದ ಕೊನೆಯಲ್ಲಿ ತಿರುವಾಂಕೂರಿನಲ್ಲಿ ಇನ್ನೊಂದು ಚರ್ಚೆ ನಡೆಯುತ್ತಿತ್ತು: ಹೆಂಗಸರಿಗೆ ಸರ್ಕಾರಿ ಉದ್ಯೋಗ ಕೊಡಬೇಕೇ? ತಿರುವನಂತಪುರದ ಒಂದು ಸಭೆಯಲ್ಲಿ ವಿದ್ವಾಂಸರೊಬ್ಬರು ಕೊಡಬಾರದೆಂದು ವಾದಿಸಿದಾಗ, ಅನ್ನಾ ಚಾಂಡಿ ಎಂಬ ಯುವ ವಕೀಲೆ ಎದ್ದುನಿಂತು, ಕೋರ್ಟಿನಲ್ಲಿ ಪಾಟೀಸವಾಲು ಮಾಡುವಂತೆ ಒಂದೊಂದೇ ವಾದವನ್ನು ಬಿಡಿಸಿ ಉತ್ತರ ಕೊಟ್ಟರು. ಹೆಣ್ಣಿನ ಸಂಪಾದನೆ ಸಂಸಾರಕ್ಕೆ ಕಷ್ಟಕಾಲದ ಆಸರೆ ಎಂಬುದು ಅವರ ನಿಲುವಾಗಿತ್ತು. 1937ರಲ್ಲಿ ಅವರು ಮುನ್ಸೀಫರಾದರು. 1959ರಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿಯಾದರು. ಭಾರತದಲ್ಲಿ ಹೈಕೋರ್ಟಿನ ಪೀಠವೇರಿದ ಪ್ರಥಮ ಮಹಿಳೆ ಅವರು.

ಅನ್ನಾ ಚಾಂಡಿಯವರ ಈ ಸಾಧನೆಯನ್ನು ಒಬ್ಬ ಮುಸ್ಲಿಮ್ ತಂದೆ ಕಣ್ಣರಳಿಸಿ ನೋಡುತ್ತಿದ್ದರು. ಪತ್ತನಂತಿಟ್ಟದ ಮೀರಾ ಸಾಹಿಬ್ ಅವರ ಹೆಸರು.

ತಂದೆಯ ಒಂದು ನಿರ್ಧಾರ

ಮೀರಾ ಸಾಹಿಬ್ ಮತ್ತು ಖದೀಜಾ ಬೀವಿ ದಂಪತಿಯ ಮಗಳಾಗಿ ಫಾತಿಮಾ ಬೀವಿ 1927ರ ಎಪ್ರಿಲ್ 30ರಂದು ಜನಿಸಿದರು. ಎಂಟು ಮಕ್ಕಳಲ್ಲಿ ಹಿರಿಯರು. ಊರಿನ ಕ್ಯಾಥೊಲಿಕೇಟ್ ಹೈಸ್ಕೂಲಿನಲ್ಲಿ ಓದಿ, ತಿರುವನಂತಪುರದ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನ ಶಾಸ್ತ್ರದ ಪದವಿ ಪಡೆದರು. ಅವರ ಆಸೆ ಅದೇ ವಿಷಯದಲ್ಲಿ ಮುಂದುವರಿಯುವುದಾಗಿತ್ತು. ತಂದೆ ಕಾನೂನು ಓದಲು ಹೇಳಿದರು. ತಿರುವನಂತಪುರದ ಸರ್ಕಾರಿ ಕಾನೂನು ಕಾಲೇಜಿಗೆ ಸೇರಿದಾಗ ತರಗತಿಯಲ್ಲಿದ್ದ ಹುಡುಗಿಯರು ಐದೇ ಮಂದಿ. ಎರಡನೇ ವರ್ಷಕ್ಕೆ ಉಳಿದವರು ಎರಡು ಮೂರು ಮಂದಿ ಮಾತ್ರ ಎಂದು ಅವರೇ ಮುಂದೆ ನೆನಪಿಸಿಕೊಂಡಿದ್ದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. 1940ರ ದಶಕ. ಮನೆ ತುಂಬ ಮಕ್ಕಳು. ಹಿರಿಯ ಮಗಳಿಗೆ ಪದವಿಯೂ ಆಗಿದೆ. ನಮ್ಮ ಲೆಕ್ಕಾಚಾರದಲ್ಲಿ ಇಷ್ಟಾದರೆ ಸಾಕು. ಆದರೆ ಆ ತಂದೆ ಮಗಳನ್ನು ಊರು ಬಿಟ್ಟು ಇನ್ನಷ್ಟು ಓದಲು ಕಳಿಸಿದರು. ಅದೂ ಗಂಡಸರೇ ತುಂಬಿದ್ದ ಕ್ಷೇತ್ರಕ್ಕೆ. ಮಗಳ ಸಾಧನೆಯ ಮೊದಲ ಪುಟ ತಂದೆಯ ಈ ನಿರ್ಧಾರ.

ಕಾನೂನು ಪದವಿಯ ನಂತರ ಬಾರ್ ಕೌನ್ಸಿಲ್ ಪರೀಕ್ಷೆಯಲ್ಲಿ ಫಾತಿಮಾ ಬೀವಿ ಮೊದಲ ಸ್ಥಾನ ಪಡೆದು ಚಿನ್ನದ ಪದಕ ಗಳಿಸಿದರು. ಆ ಪದಕ ಪಡೆದ ಮೊದಲ ಮಹಿಳೆ ಅವರೇ. 1950ರ ನವೆಂಬರ್ 14ರಂದು ವಕೀಲರಾಗಿ ನೋಂದಾಯಿಸಿಕೊಂಡು ಕೊಲ್ಲಂನ ಕೋರ್ಟುಗಳಲ್ಲಿ ವೃತ್ತಿ ಆರಂಭಿಸಿದರು. ತಲೆ ಮುಚ್ಚಿಕೊಂಡ ಮುಸ್ಲಿಮ್ ಯುವತಿ ಕಕ್ಷಿಗಾರರ ಪರ ವಾದಿಸುವುದು ಆ ಕಾಲಕ್ಕೆ ಹುಬ್ಬೇರಿಸುವ ಸಂಗತಿಯೇ ಆಗಿತ್ತು.

ಮೆಟ್ಟಿಲು ಮೆಟ್ಟಿಲಾಗಿ

ಅವರ ಏರಿಕೆಯಲ್ಲಿ ದಿಢೀರನೆ ಆದದ್ದು ಏನೂ ಇಲ್ಲ. 1958ರಲ್ಲಿ ಮುನ್ಸೀಫ್. 1968ರಲ್ಲಿ ಸಬ್ ಜಡ್ಜ್. 1972ರಲ್ಲಿ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್. 1974ರಲ್ಲಿ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶೆ. 1980ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಸದಸ್ಯೆ. 1983ರ ಆಗಸ್ಟ್‌ನಲ್ಲಿ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ. ಭಾರತದಲ್ಲಿ ಈ ಸ್ಥಾನಕ್ಕೇರಿದ ಮೊದಲ ಮುಸ್ಲಿಮ್ ಮಹಿಳೆ. ಮುನ್ಸೀಫ್ ಕೋರ್ಟಿನಿಂದ ಹೈಕೋರ್ಟಿಗೆ ಇಪ್ಪತ್ತೈದು ವರ್ಷಗಳ ದಾರಿ.

ಈ ಇಪ್ಪತ್ತೈದು ವರ್ಷಗಳಲ್ಲಿ ದೇಶದ ಕಾನೂನು ಹೆಣ್ಣನ್ನು ಹೇಗೆ ನೋಡುತ್ತಿತ್ತು? ಸಂವಿಧಾನದ 14, 15 ಮತ್ತು 16ನೇ ವಿಧಿಗಳು ಸಮಾನತೆಯ ಭರವಸೆ ಕೊಟ್ಟಿದ್ದವು. ಆದರೆ ನಿಯಮ ಪುಸ್ತಕಗಳಲ್ಲಿ ಬೇರೆಯೇ ಬರೆದಿತ್ತು. ಭಾರತೀಯ ವಿದೇಶಾಂಗ ಸೇವೆಯಲ್ಲಿದ್ದ ಮಹಿಳೆ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಪಡೆಯಬೇಕಿತ್ತು. ಸಂಸಾರದಿಂದ ಕೆಲಸಕ್ಕೆ ತೊಂದರೆ ಎಂದು ಸರ್ಕಾರಕ್ಕೆ ಕಂಡರೆ ರಾಜೀನಾಮೆ ಕೇಳಬಹುದಿತ್ತು. ಪುರುಷರಿಗೆ ಇಂಥ ನಿಯಮ ಇರಲಿಲ್ಲ. ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಏರ್ ಇಂಡಿಯಾದ ಗಗನಸಖಿಯರು ಮೊದಲ ಗರ್ಭ ಧರಿಸಿದರೆ ಕೆಲಸ ಕಳೆದುಕೊಳ್ಳುತ್ತಿದ್ದರು. 1981ರಲ್ಲಿ ಆ ನಿಯಮವನ್ನು ರದ್ದುಗೊಳಿಸಿದ ತೀರ್ಪು ಬರೆದವರು ನ್ಯಾಯಮೂರ್ತಿ ಮುರ್ತಝಾ ಫಝಲ್ ಅಲಿ.

ಈ ಎರಡೂ ತೀರ್ಪುಗಳನ್ನು ಕೊಟ್ಟವರು ಪುರುಷರು, ನ್ಯಾಯವಂತ ಪುರುಷರು. ಆದರೆ ಹೆಣ್ಣಿನ ಮದುವೆ, ಗರ್ಭ, ಉದ್ಯೋಗಗಳ ಬಗ್ಗೆ ತೀರ್ಮಾನವಾಗುತ್ತಿದ್ದ ಆ ಪೀಠದಲ್ಲಿ ಅದುವರೆಗೆ ಒಬ್ಬ ಹೆಣ್ಣೂ ಕುಳಿತಿರಲಿಲ್ಲ.

1989ರ ಅಕ್ಟೋಬರ್ 6

1989ರ ಎಪ್ರಿಲ್‌ನಲ್ಲಿ ಫಾತಿಮಾ ಬೀವಿ ಹೈಕೋರ್ಟಿನಿಂದ ನಿವೃತ್ತರಾದರು. ಐದು ತಿಂಗಳು ಕಳೆದ ಮೇಲೆ ದಿಲ್ಲಿಯಿಂದ ಕರೆ ಬಂತು. ಅಕ್ಟೋಬರ್ 6ರಂದು ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಆಗ ಭಾರತದ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಕನ್ನಡಿಗರಾದ ಇ.ಎಸ್. ವೆಂಕಟರಾಮಯ್ಯ. 1950ರಲ್ಲಿ ಆರಂಭವಾದ ಕೋರ್ಟಿಗೆ ಮೊದಲ ಮಹಿಳೆ ಬರಲು 39 ವರ್ಷ ಬೇಕಾಯಿತು. ಮುಚ್ಚಿದ್ದ ಬಾಗಿಲನ್ನು ತಾನು ತೆರೆದೆ ಎಂಬರ್ಥದ ಮಾತನ್ನು ಅವರು ಮುಂದೆ ಹೇಳಿದ್ದರು.

1992ರ ಎಪ್ರಿಲ್ ಕೊನೆಗೆ ಅವರ ಅವಧಿ ಮುಗಿಯಿತು. ಸಿಕ್ಕಿದ್ದು ಎರಡೂವರೆ ವರ್ಷ. ತಡವಾಗಿ ಬಾಗಿಲು ತೆರೆದರೆ ಒಳಗೆ ಕುಳಿತುಕೊಳ್ಳುವ ಹೊತ್ತೂ ಕಡಿಮೆಯೇ. ಆ ಅವಧಿಯಲ್ಲಿ ಅವರು ಬರೆದ ಒಂದು ತೀರ್ಪು ನಮ್ಮ ರಾಜ್ಯಕ್ಕೇ ಸಂಬಂಧಿಸಿದ್ದು. ಕೊಳಚೆ ಪ್ರದೇಶವೆಂದು ಘೋಷಿಸಿ ಸುಧಾರಿಸಲು ಹೊರಟಿದ್ದ ಜಾಗದ ಅಧಿಸೂಚನೆಯನ್ನು ಕರ್ನಾಟಕ ಸರ್ಕಾರ ಅಲ್ಲಿನ ನಿವಾಸಿಗಳನ್ನು ಕೇಳದೆ ಬದಲಿಸಿತ್ತು. ಪರಿಶಿಷ್ಟ ಜಾತಿ ಮತ್ತು ದುರ್ಬಲ ವರ್ಗದವರ ಸಂಘ ಕೋರ್ಟಿಗೆ ಹೋಯಿತು. ಆ ಬದಲಾವಣೆಯಿಂದ ಯಾರ ಬದುಕಿಗೆ ಪೆಟ್ಟು ಬೀಳುತ್ತದೋ ಅವರ ಮಾತನ್ನು ಮೊದಲು ಕೇಳಬೇಕು ಎಂದು 1991ರ ಆ ತೀರ್ಪು ಹೇಳಿತು. ಅಹವಾಲು ಕೇಳದೆ ತೀರ್ಮಾನ ಮಾಡಬಾರದು ಎಂಬ ಈ ತತ್ವ ನಮಗೆ ಹೊಸದಲ್ಲ. ಹಝ್ರತ್ ಅಲಿ(ರ)ಯವರನ್ನು ಯಮನ್‌ಗೆ ನ್ಯಾಯಾಧೀಶರಾಗಿ ಕಳಿಸುವಾಗ ಪ್ರವಾದಿ(ಸ)ಯವರು ಕೊಟ್ಟ ಸೂಚನೆಯೂ ಇದೇ: ಎರಡನೆಯವನ ಮಾತು ಕೇಳುವ ಮುಂಚೆ ತೀರ್ಪು ಕೊಡಬಾರದು.

ನಿವೃತ್ತಿಯ ನಂತರ ಅವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಸದಸ್ಯೆಯಾದರು. 1997ರಿಂದ 2001ರವರೆಗೆ ತಮಿಳುನಾಡಿನ ರಾಜ್ಯಪಾಲರಾಗಿದ್ದರು. ಚುನಾವಣೆಗೆ ನಿಲ್ಲಲು ಅನರ್ಹರಾಗಿದ್ದ ಜಯಲಲಿತಾ ಅವರಿಗೆ ಮುಖ್ಯಮಂತ್ರಿಯ ಪ್ರಮಾಣ ವಚನ ಬೋಧಿಸಿದ್ದು ಭಾರೀ ವಿವಾದವಾಯಿತು. ಮುಂದೆ ಅವರು ರಾಜೀನಾಮೆ ಕೊಟ್ಟರು. ಆ ನೇಮಕವನ್ನು ಸುಪ್ರೀಂ ಕೋರ್ಟ್ ಕೂಡ ಒಪ್ಪಲಿಲ್ಲ. ಹಿರಿಯರ ಚರಿತ್ರೆ ಬರೆಯುವಾಗ ಇದನ್ನು ಮರೆಮಾಚಬೇಕಿಲ್ಲ. 2023ರ ನವೆಂಬರ್ 23ರಂದು, 96ನೇ ವಯಸ್ಸಿನಲ್ಲಿ, ಕೊಲ್ಲಂನಲ್ಲಿ ಅವರು ನಿಧನರಾದರು. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್. ಮರು ವರ್ಷ ಮರಣೋತ್ತರವಾಗಿ ಪದ್ಮಭೂಷಣ ಬಂತು.

ಉನ್ನತ ನ್ಯಾಯಾಲಯಗಳಲ್ಲಿ ಮಹಿಳೆಯರ ಸಂಖ್ಯೆ ತೀರಾ ಕಡಿಮೆ, ಅವರಿಗೆ ಮೀಸಲಾತಿ ಬೇಕು ಎಂಬುದು ಅವರ ಅಭಿಪ್ರಾಯವಾಗಿತ್ತು. ಅದರಲ್ಲಿ ಸತ್ಯವಿದೆ. ಅವರ ನಂತರ ಎರಡನೆಯ ಮಹಿಳೆ ಬರಲು 1994 ಆಯಿತು. 2021ರ ಕೊನೆಯವರೆಗೆ ಸುಪ್ರೀಂ ಕೋರ್ಟಿನ ಪೀಠವೇರಿದ ಮಹಿಳೆಯರು ಒಟ್ಟು 11 ಮಂದಿ. ಅವರಲ್ಲೊಬ್ಬರು ಕರ್ನಾಟಕದ ಬಿ.ವಿ. ನಾಗರತ್ನ, ಫಾತಿಮಾ ಬೀವಿಯವರ ನೇಮಕದ ಕಾಲದಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿದ್ದ ವೆಂಕಟರಾಮಯ್ಯನವರ ಮಗಳು.

ಧರ್ಮ ಅಡ್ಡಿಯೇ?

ಹೆಣ್ಣು ನ್ಯಾಯಪೀಠದಲ್ಲಿ ಕೂರುವುದಕ್ಕೆ ಇಸ್ಲಾಮಿನಲ್ಲಿ ಅವಕಾಶವಿಲ್ಲವಲ್ಲ ಎಂದು ಕೆಲವರು ಕೇಳುತ್ತಾರೆ. ಉಲಮಾಗಳಲ್ಲಿ ಈ ಬಗ್ಗೆ ಹಿಂದಿನಿಂದಲೂ ಭಿನ್ನಾಭಿಪ್ರಾಯವಿದೆ. ಖಾಝಿ ಸ್ಥಾನಕ್ಕೆ ಪುರುಷನೇ ಬೇಕು ಎಂಬುದು ಶಾಫಿಈ, ಮಾಲಿಕಿ, ಹಂಬಲಿ ಮದ್‌ಹಬ್‌ಗಳ ನಿಲುವು. ಹುದೂದ್ ಮತ್ತು ಕಿಸಾಸ್‌ನ ಪ್ರಕರಣಗಳನ್ನು ಬಿಟ್ಟು ಉಳಿದ ವಿಷಯಗಳಲ್ಲಿ ಹೆಣ್ಣಿನ ತೀರ್ಪು ಸಿಂಧು ಎಂಬುದು ಹನಫೀ ಮದ್‌ಹಬ್‌ನ ನಿಲುವು. ಇಮಾಮ್ ತಬರಿಯವರು ಇನ್ನೂ ವಿಶಾಲ ಅಭಿಪ್ರಾಯ ಹೊಂದಿದ್ದರೆಂದು ಗ್ರಂಥಗಳಲ್ಲಿದೆ. ಹಿಜರಿ 306ರಲ್ಲಿ ಬಗ್ದಾದಿನಲ್ಲಿ ಸುಮಲ್ ಎಂಬ ಮಹಿಳೆಯನ್ನು ಜನರ ಅಹವಾಲು ಕೇಳುವ ಮಝಾಲಿಮ್ ನ್ಯಾಯಾಲಯಕ್ಕೆ ನೇಮಿಸಿದ್ದನ್ನು ಇತಿಹಾಸಕಾರರು ದಾಖಲಿಸಿದ್ದಾರೆ. ನಾನಿಲ್ಲಿ ಫತ್ವಾ ಕೊಡುತ್ತಿಲ್ಲ. ಆದರೆ ಇಷ್ಟೊಂದು ಚರ್ಚೆ ನಡೆದಿರುವ ವಿಷಯವನ್ನು ಒಂದೇ ಮಾತಿನಲ್ಲಿ ಮುಚ್ಚಿಹಾಕುವುದು ವಿದ್ವತ್ತಿಗೆ ತಕ್ಕುದಲ್ಲ. ಹೆಣ್ಣು ಕಾನೂನು ಕಲಿಯುವುದಕ್ಕಂತೂ ಯಾವ ಮದ್‌ಹಬ್ಬೂ ಅಡ್ಡಿಯಲ್ಲ.

ಕಲಿಯದಿದ್ದರೆ ಆಗುವ ನಷ್ಟ ಏನು? ವಾರೀಸು ಹಕ್ಕನ್ನೇ ನೋಡಿ. ತಂದೆ ತಾಯಿ ಬಿಟ್ಟುಹೋದದ್ದರಲ್ಲಿ, ಅದು ಸ್ವಲ್ಪವಿರಲಿ ಹೆಚ್ಚಿರಲಿ, ಹೆಣ್ಣಿಗೂ ನಿಗದಿತ ಪಾಲಿದೆ ಎಂದು ಸೂರಃ ಅನ್ನಿಸಾ ಸ್ಪಷ್ಟಪಡಿಸಿದೆ. ಆದರೆ ಈ ದೇಶದ ಹಲವೆಡೆ ಮುಸ್ಲಿಮರು ರೂಢಿಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಏನೂ ಕೊಡುತ್ತಿರಲಿಲ್ಲ. ಆ ರೂಢಿಗಳನ್ನು ತೊಡೆಯಲು 1937ರಲ್ಲಿ ಶರೀಅತ್ ಕಾಯ್ದೆ ಬಂತು. ಆಗಲೂ ಕೃಷಿ ಭೂಮಿಯನ್ನು ಅದರಿಂದ ಹೊರಗಿಟ್ಟರು. ಇಂದು ಕಾಗದದಲ್ಲಿ ಹಕ್ಕಿದೆ. ಆದರೆ ಬಾಪಾ ತೀರಿಕೊಂಡು ನಲವತ್ತು ದಿನ ಕಳೆಯುವ ಮುಂಚೆ ಅಕ್ಕತಂಗಿಯರ ಮುಂದೆ ಹಕ್ಕು ಬಿಡುಗಡೆ ಪತ್ರ ಬಂದು ನಿಲ್ಲುವ ಮನೆಗಳಿಲ್ಲವೇ? ಓದದೆ ಸಹಿ ಹಾಕಿದವಳು ತವರಿನ ಬಾಂಧವ್ಯ ಉಳಿಯಲೆಂದು ಹಾಕಿರುತ್ತಾಳೆ. ಅಲ್ಲಾಹನು ನಿಗದಿಪಡಿಸಿದ ಪಾಲನ್ನು ದಾಕ್ಷಿಣ್ಯದ ಸಹಿಯಿಂದ ಕಸಿದುಕೊಂಡವನಿಗೆ ಆಖಿರತ್‌ನಲ್ಲಿ ಯಾವ ಪತ್ರವೂ ರಕ್ಷಣೆಯಾಗದು.

ಮಹ್ರ್ ಎಷ್ಟು ಎಂದು ನಿಕಾಹ್‌ನ ದಾಖಲೆಯಲ್ಲಿ ಬರೆದದ್ದನ್ನು ಓದಿ ನೋಡಿದ ವಧುಗಳು ಎಷ್ಟು ಮಂದಿ? ಸಂಸಾರದ ತಕರಾರು ಜಮಾಅತ್‌ಗೆ ಬಂದಾಗ ಹೆಣ್ಣಿನ ಪರವಾಗಿ ಅವಳ ಅಣ್ಣನೋ ಮಾವನೋ ಮಾತಾಡುತ್ತಾರೆ. ಅವಳು ಬಾಗಿಲ ಹಿಂದೆ ನಿಂತಿರುತ್ತಾಳೆ. ಗಂಡಸರ ಮುಂದೆ ಹೇಳಲಾಗದ ನೋವು ಹೇಳದೆಯೇ ಉಳಿಯುತ್ತದೆ. ಇಂಥ ಕಡೆ ಶರೀಅತ್ತನ್ನೂ ದೇಶದ ಕಾನೂನನ್ನೂ ಬಲ್ಲ ಒಬ್ಬ ಮಹಿಳೆ ಇದ್ದರೆ ಎಷ್ಟೋ ಮನೆಗಳು ಉಳಿಯುತ್ತವೆ, ಎಷ್ಟೋ ಅನ್ಯಾಯಗಳು ನಿಲ್ಲುತ್ತವೆ.

ಸತ್ಯವಿಶ್ವಾಸಿಗಳು ನ್ಯಾಯದ ಮೇಲೆ ಗಟ್ಟಿಯಾಗಿ ನಿಲ್ಲಬೇಕು, ಅದು ತಮಗೇ ವಿರುದ್ಧವಾದರೂ, ತಂದೆ ತಾಯಿ ಬಂಧುಗಳಿಗೆ ವಿರುದ್ಧವಾದರೂ ಸರಿ ಎಂಬುದು ಕುರ್‌ಆನಿನ ಆದೇಶ. ಈ ಆದೇಶದ ಪಾಲನೆ ಮನೆಯಿಂದ ಆರಂಭವಾಗಬೇಕು. ಪಿಯುಸಿ ಮುಗಿಸಿದ ಮಗಳು ಕಾನೂನು ಓದುತ್ತೇನೆ ಎಂದರೆ ಬೈದು ಕೂರಿಸಬೇಡಿ. ಅಕ್ಕತಂಗಿಯರ ಪಾಲನ್ನು ಅವರು ಕೇಳುವ ಮೊದಲೇ ಕೊಟ್ಟುಬಿಡಿ. ಜಮಾಅತ್‌ನ ಹಿರಿಯರು ದೂರು ತಂದ ಹೆಣ್ಣಿನ ಮಾತನ್ನು ಅವಳ ಬಾಯಿಂದಲೇ, ಪರ್ದಾದ ಮರ್ಯಾದೆಯೊಂದಿಗೆ, ಕೇಳುವ ವ್ಯವಸ್ಥೆ ಮಾಡಲಿ. ಉಮರ್(ರ)ರಂಥವರು ದಾರಿಯಲ್ಲಿ ನಿಂತು ಕೇಳಿದ್ದರೆ, ನಮಗೆ ಕುಳಿತು ಕೇಳಲು ಏನು ಕಷ್ಟ?

ಅಲ್ಲಾಹನು ನಮ್ಮ ಹೆಣ್ಣುಮಕ್ಕಳಿಗೆ ಉಪಯುಕ್ತ ಜ್ಞಾನವನ್ನೂ, ಅವರ ಹಕ್ಕನ್ನು ಸಂತೋಷದಿಂದ ಕೊಡುವ ಮನಸ್ಸನ್ನು ನಮಗೂ ಕರುಣಿಸಲಿ. ಆಮೀನ್.